ಲಾಸ್ಟ್ ಎಷ್ಟು ಮೇಡಂ?

ಬೆಳಿಗ್ಗೆ ಆರೂವರೆಗೆ ಹಾಲಿನ ಪಾತ್ರೆ ಒಲೆ ಮೇಲಿಟ್ಟು ಮೊಬೈಲ್ ತೆಗೆದರೆ ನಲವತ್ತೊಂದು ಮೆಸೇಜು. ಬೆಂಗಳೂರಲ್ಲಿರೋ ಮಗನ ಮನೆಯಲ್ಲಿ ಏನಾದ್ರೂ ಆಯ್ತೇನೋ ಅಂತ ಎದೆ ಧಸಕ್ಕೆಂದಿತು. ನೋಡಿದರೆ ಎಲ್ಲವೂ ಗುರುತು ಪರಿಚಯ ಇಲ್ಲದವರದ್ದು. "ಲಾಸ್ಟ್ ಎಷ್ಟು ಮೇಡಂ?" "ಫೈನಲ್ ರೇಟ್ ಹೇಳಿ." "ಎಲ್ಲಾ ಸೇರಿ 2000 ಕೊಡ್ತೀನಿ, ಇವತ್ತೇ ಬಂದು ಕ್ಯಾಶ್ ಕೊಟ್ಟು ಒಯ್ತೀನಿ." ಒಬ್ಬರಂತೂ ಬರೀ "ಹಾಯ್" ಅಂತ ಏಳು ಸಲ ಬರೆದಿದ್ದರು. ಅದನ್ನೆಲ್ಲ ಓದೋ ಹೊತ್ತಿಗೆ ಹಾಲು ಉಕ್ಕಿ ಒಲೆ ತುಂಬ ಹರಿದಿತ್ತು.

ಇಷ್ಟಕ್ಕೂ ಕಾರಣ ನಮ್ಮ ಮಾವನವರ ಬಿಸ್ಕತ್ತಿನ ಡಬ್ಬಿ.

ಮಾವ ಹಳ್ಳಿಯ ಪೋಸ್ಟ್ ಮಾಸ್ಟರ್ ಆಗಿದ್ದವರು. ಕೌಂಟರಿಗೆ ಬಂದ ಚಿಲ್ಲರೆಯಲ್ಲಿ ಹಳೇ ನಾಣ್ಯ ಯಾವುದಾದ್ರೂ ಕಂಡರೆ, ತಮ್ಮ ಜೇಬಿನಿಂದ ಅಷ್ಟು ದುಡ್ಡು ಹಾಕಿ ಅದನ್ನು ಮನೆಗೆ ತರುತ್ತಿದ್ದರಂತೆ. ಒಂದೊಂದನ್ನೂ ಕಾಗದದ ಪೊಟ್ಟಣದಲ್ಲಿ ಸುತ್ತಿ, ಮೇಲೆ ಇಸವಿ ಬರೆದು ಆ ತಗಡಿನ ಡಬ್ಬಿಯಲ್ಲಿ ಇಡುತ್ತಿದ್ದರು. ಒಂದು ಕಡೆ ಆನೆ ಇರುವ ಟಿಪ್ಪು ಕಾಲದ ತಾಮ್ರದ ಪೈಸೆ, ಮುಮ್ಮಡಿ ಕೃಷ್ಣರಾಜ ಒಡೆಯರ ಕಾಲದ ಕಾಸು, 1957ರಲ್ಲಿ ದಶಮಾಂಶ ಪದ್ಧತಿ ಬಂದಾಗಿನ ನಯಾ ಪೈಸೆಗಳು. ಇವುಗಳ ಜೊತೆಗೆ ಅಜ್ಜಿ ಕಾಲದ ಐದು ಬೆಳ್ಳಿ ರೂಪಾಯಿ. ಮಾವ ಹೋದ ಮೇಲೆ ಡಬ್ಬಿ ಅಟ್ಟ ಸೇರಿತು. ಬೆಳ್ಳಿ ರೂಪಾಯಿಗಳು ಮಾತ್ರ ವರ್ಷಕ್ಕೊಂದು ಸಲ ದೀಪಾವಳಿಯ ಲಕ್ಷ್ಮೀಪೂಜೆಗೆ ಕೆಳಗಿಳಿಯುತ್ತಿದ್ದವು.

2021ರಲ್ಲಿ ಮನೆ ಸುಣ್ಣ ಬಣ್ಣ ಮಾಡಿಸುವಾಗ ಡಬ್ಬಿ ಮತ್ತೆ ಕೈಗೆ ಬಂತು. ಮಕ್ಕಳಿಗೆ ಅದರಲ್ಲಿ ಆಸಕ್ತಿ ಇಲ್ಲ. ಅಟ್ಟದಲ್ಲಿ ಕೂತು ತುಕ್ಕು ಹಿಡಿಯೋ ಬದಲು ಬೆಲೆ ಗೊತ್ತಿರೋರ ಕೈ ಸೇರಲಿ ಅಂತ ನಾನೂ ನಮ್ಮನೆಯವರೂ ಮಾತಾಡಿಕೊಂಡೆವು. ಮಗ ನನ್ನನ್ನು ನಾಣ್ಯ ಸಂಗ್ರಹಕಾರರ ಒಂದು ವಾಟ್ಸ್ಆ್ಯಪ್ ಗುಂಪಿಗೆ ಸೇರಿಸಿದ. ನಾನು ಊಟದ ಮೇಜಿನ ಮೇಲೆ ಎಲ್ಲವನ್ನೂ ಹರಡಿ ಒಂದೇ ಫೋಟೋ ತೆಗೆದು, ರಾತ್ರಿ ಮಲಗೋ ಮುಂಚೆ "ಮಾರಾಟಕ್ಕಿದೆ. ಆಸಕ್ತಿ ಇದ್ದವರು ರೇಟ್ ಹೇಳಿ" ಅಂತ ಹಾಕಿದ್ದೆ. ಅದರ ಫಲವೇ ಆ ನಲವತ್ತೊಂದು ಮೆಸೇಜು.

ಒಲೆ ಒರೆಸುತ್ತಿರುವಾಗಲೇ ಫೋನ್ ಬಂತು. ಗುಂಪನ್ನು ನಡೆಸುವ ಧಾರವಾಡ ಕಡೆಯ ಹಿರಿಯರು. ಎಪ್ಪತ್ತು ದಾಟಿದವರು, ದನಿ ಮಾತ್ರ ಗಟ್ಟಿ. "ನೋಡ್ ತಂಗಿ, ಸಂತ್ಯಾಗ ಬದನಿಕಾಯಿ ಮಾರಾಕಿ 'ನೀವ ಎಷ್ಟ್ ಕೊಡ್ತೀರಿ ಹೇಳ್ರಿ' ಅಂತಾಳೇನು? ರೇಟು ಮಾರಾವ್ರು ಹೇಳಬೇಕು, ಚೌಕಾಶಿ ಕೊಳ್ಳಾವ್ರು ಮಾಡಬೇಕು. ಆ 2000ದಾಂವಗ ಡಬ್ಬಿ ಕೊಟ್ಟುಗಿಟ್ಟೀಯ ಮತ್ತ!"

ನಾನು ಕೊಡೋ ಯೋಚನೆಯಲ್ಲೇ ಇದ್ದೆ. ಹೇಳಲಿಲ್ಲ ಅಷ್ಟೆ.

ಆಮೇಲಿನ ಎರಡು ವಾರ ಅವರು ಸಂಜೆ ಹೊತ್ತು ಫೋನ್ ಮಾಡಿ ಒಂದೊಂದೇ ಹೇಳಿಕೊಟ್ಟರು. ಪ್ರತಿ ನಾಣ್ಯಕ್ಕೂ ಬೇರೆ ಫೋಟೋ, ಎರಡೂ ಕಡೆಯದ್ದು, ಹಗಲು ಬೆಳಕಿನಲ್ಲಿ. ತೂಕ ಬರೆಯಬೇಕು. ಗೀರು, ಸವೆತ, ತೂತು ಇದ್ದರೆ ಕೊಳ್ಳುವವರು ಕೇಳೋ ಮುಂಚೆ ನಾವೇ ಹೇಳಬೇಕು. ಅಂಚೆ ಖರ್ಚು ಯಾರದ್ದು ಅಂತಲೂ ಮೊದಲೇ ಬರೆಯಬೇಕು. ಇಷ್ಟೆಲ್ಲ ಆದ ಮೇಲೆ ಬೆಲೆ.

ಬೆಲೆ ಹೇಗೆ ಕಟ್ಟೋದು? ಮೊದಲು ಲೋಹದ ಲೆಕ್ಕ. ವಿಕ್ಟೋರಿಯಾ, ಎಡ್ವರ್ಡ್, ಐದನೇ ಜಾರ್ಜ್ ಕಾಲದ ಬೆಳ್ಳಿ ರೂಪಾಯಿಯ ತೂಕ 11.66 ಗ್ರಾಂ. ಅದರಲ್ಲಿ ಹನ್ನೆರಡರಲ್ಲಿ ಹನ್ನೊಂದು ಪಾಲು ಬೆಳ್ಳಿ. ಆಗ ಬೆಳ್ಳಿ ಗ್ರಾಮಿಗೆ 60-70 ರೂಪಾಯಿಯ ಆಸುಪಾಸಿತ್ತು. ಅಂದ್ರೆ ಎಂಥ ಸವೆದ ರೂಪಾಯಿಯಾದರೂ ಏಳುನೂರರ ಹತ್ತಿರದ ಬೆಳ್ಳಿಯಂತೂ ಹೌದು. ಅದೇ 1940ರ ನಂತರದ ಆರನೇ ಜಾರ್ಜ್ ರೂಪಾಯಿಯಾದರೆ ಅರ್ಧವೇ ಬೆಳ್ಳಿ. ಹುಲಿ ಚಿತ್ರದ 1947ರ ರೂಪಾಯಿಯಲ್ಲಿ ಬೆಳ್ಳಿಯೇ ಇಲ್ಲ, ಬರೀ ನಿಕ್ಕಲ್. ಲೋಹದ ಮೇಲೆ ಎಷ್ಟು ಸೇರಿಸಬೇಕು ಅನ್ನೋದು ಇಸವಿ, ಟಂಕಸಾಲೆ ಮತ್ತು ನಾಣ್ಯದ ಸ್ಥಿತಿಗೆ ಬಿಟ್ಟಿದ್ದು. ಅದಕ್ಕೆ ಜನ ಕೇಳಿದ ಬೆಲೆ ನೋಡಬಾರದು, ನಿಜವಾಗಿ ವ್ಯಾಪಾರ ಆದ ಬೆಲೆ ನೋಡಬೇಕು. ಕೇಳೋಕೇನು, ಯಾರು ಎಷ್ಟು ಬೇಕಾದರೂ ಕೇಳಬಹುದು.

ಹಳೇದೆಲ್ಲ ಬೆಲೆ ಬಾಳುತ್ತೆ ಅನ್ನೋ ನನ್ನ ಭ್ರಮೆ ಮೊದಲ ವಾರವೇ ಇಳಿಯಿತು. ನನಗಿಂತ ಹಿರಿಯ ನಯಾ ಪೈಸೆಗೆ ನಾನು 500 ರೂಪಾಯಿ ಅಂದುಕೊಂಡಿದ್ದೆ. ಅವು ಕೋಟಿಗಟ್ಟಲೆ ಟಂಕಿಸಿದವು, ಸಾಧಾರಣ ಸ್ಥಿತಿಯಲ್ಲಿದ್ದರೆ ಹತ್ತಿಪ್ಪತ್ತು ರೂಪಾಯಿಗೂ ಸಿಗುತ್ತವೆ. ಪಕ್ಕದ ಮನೆಯವರು ವೈಷ್ಣೋದೇವಿ ಚಿತ್ರದ ಐದು ರೂಪಾಯಿ ನಾಣ್ಯ ಹಿಡಿದುಕೊಂಡು ಬಂದು, "ಇದಕ್ಕೆ ಲಕ್ಷ ಲಕ್ಷ ಕೊಡ್ತಾರಂತೆ, ವಿಡಿಯೋದಲ್ಲಿ ಬಂದಿದೆ" ಅಂದರು. ಅವರನ್ನು ಕೂರಿಸಿ ಕಾಫಿ ಕೊಟ್ಟು, ಅದು ಐದು ರೂಪಾಯಿಯೇ ಅಂತ ಒಪ್ಪಿಸೋ ಹೊತ್ತಿಗೆ ಸಾಕಾಯಿತು. ಅದೇ ಆಗಸ್ಟಿನಲ್ಲಿ ರಿಸರ್ವ್ ಬ್ಯಾಂಕ್ ಕೂಡ ಎಚ್ಚರಿಕೆ ಕೊಟ್ಟಿತ್ತು. ತನ್ನ ಹೆಸರು ಹೇಳಿಕೊಂಡು ಹಳೇ ನೋಟು ನಾಣ್ಯದ ವ್ಯಾಪಾರಕ್ಕೆ ಶುಲ್ಕ, ಕಮಿಷನ್, ತೆರಿಗೆ ಕೇಳುವವರು ಮೋಸಗಾರರು ಅಂತ. ನಮ್ಮನೆಯವರು ಆ ಸುದ್ದಿಯನ್ನು ಕತ್ತರಿಸಿ ಫ್ರಿಜ್ಜಿಗೆ ಅಂಟಿಸಿದರು.

ಇನ್ನು ಬೆಳ್ಳಿ ರೂಪಾಯಿ. ಫೋಟೋ ಕಳಿಸಿದ ಕೂಡಲೇ ಹಿರಿಯರು ಕೇಳಿದರು. "ಇದನ್ನ ಏನು ಹಚ್ಚಿ ತಿಕ್ಕೀಯ?"

"ಹುಣಸೆಹಣ್ಣು, ಆಮೇಲೆ ವಿಭೂತಿ. ಪ್ರತಿ ದೀಪಾವಳಿಗೂ" ಅಂದೆ ಹೆಮ್ಮೆಯಿಂದ. ಅವು ಫಳಫಳ ಹೊಳೆಯುತ್ತಿದ್ದವು.

ಆ ಕಡೆಯಿಂದ ಸ್ವಲ್ಪ ಹೊತ್ತು ಮಾತೇ ಇಲ್ಲ. ನೂರು ವರ್ಷ ನಿಧಾನಕ್ಕೆ ಕೂತ ಕಪ್ಪು ಛಾಯೆಯನ್ನೇ ಸಂಗ್ರಹಕಾರರು ಇಷ್ಟಪಡೋದಂತೆ. ತಿಕ್ಕಿದರೆ ಆ ಛಾಯೆಯೂ ಹೋಗುತ್ತೆ, ರಾಣಿಯ ಕೂದಲಿನ ಸಣ್ಣ ಗೆರೆಗಳೂ ಸವೆಯುತ್ತವೆ. ಇಪ್ಪತ್ತೇಳು ದೀಪಾವಳಿ ನಾನು ಭಕ್ತಿಯಿಂದ ಮಾಡಿದ್ದು ಅದನ್ನೇ. "ತೊಳದದ್ದು ಅಂತ ಮೊದ್ಲ ಬರಿ. ಬರೀಲಿಲ್ಲ ಅಂದ್ರ ನಾಳೆ ಅವರು ವಾಪಸ್ ಕಳಿಸ್ತಾರ, ನಿನ್ನ ಮಾತೂ ವಾಪಸ್ ಬರ್ತದ" ಅಂದರು. ಹಾಗೇ ಬರೆದೆ. ಬೆಳ್ಳಿ ತೂಕದ ಮೇಲೆ ಸ್ವಲ್ಪವೇ ಹೆಚ್ಚಿಗೆ ಹೋಯಿತು.

ಮಾರುವವರಿಗೆ ಇರೋ ಹಾಗೆ ಕೊಳ್ಳುವವರಿಗೂ ರೀತಿ ನೀತಿ ಇದೆ. "ಲಾಸ್ಟ್ ಎಷ್ಟು" ಅನ್ನೋದು ಆಫರ್ ಅಲ್ಲ. ಬೇಕಿದ್ದರೆ ಒಂದು ಅಂಕಿ ಹೇಳಬೇಕು. 1000 ಅಂದದ್ದಕ್ಕೆ 900 ಕೇಳಿದರೆ ಯಾರೂ ಬೇಜಾರು ಮಾಡಿಕೊಳ್ಳಲ್ಲ. 300 ಕೇಳೋದಾದರೆ ಅದಕ್ಕೊಂದು ಕಾರಣ ಕೊಡಬೇಕು, ಇಲ್ಲಾಂದ್ರೆ ಸುಮ್ಮನಿರಬೇಕು. ಬೆಲೆ ಇಳಿಸೋಕೆ ನಾಣ್ಯವನ್ನು ಹೀಗಳೆಯಬಾರದು. ಹೆಣ್ಣು ನೋಡೋಕೆ ಬಂದು ಉಪ್ಪಿಟ್ಟು ತಿನ್ನುತ್ತಾ ಹುಡುಗಿ ಬಣ್ಣ ಕಮ್ಮಿ ಅಂದ ಹಾಗಾಗುತ್ತೆ. ಇನ್ನೊಬ್ಬರ ವ್ಯಾಪಾರ ನಡೆಯುವಾಗ "ನನ್ನ ಹತ್ರ ಇದಕ್ಕಿಂತ ಕಮ್ಮಿಗಿದೆ" ಅಂತ ಮಧ್ಯೆ ಬಾಯಿ ಹಾಕಬಾರದು. ನಾಣ್ಯ ನಕಲಿ ಅನ್ನಿಸಿದರೆ ಎಲ್ಲರ ಮುಂದೆ ಕೂಗದೆ ಮೊದಲು ಮಾರುವವರಿಗೇ ತಿಳಿಸಬೇಕು. ಅಮೆರಿಕದಲ್ಲಿರೋ ಕನ್ನಡದವರೊಬ್ಬರು ಟಿಪ್ಪು ಪೈಸೆಗೆ ಡಬಲ್ ಕೊಡ್ತೀನಿ ಅಂದಾಗ ಹಿರಿಯರೇ ತಡೆದರು. ನೂರು ವರ್ಷ ದಾಟಿದ ನಾಣ್ಯವನ್ನು ನಾವು ದೇಶದಿಂದ ಹೊರಗೆ ಕಳಿಸೋ ಹಾಗಿಲ್ಲ, 1972ರ ಕಾಯ್ದೆಯೇ ಇದೆ.

ಎಲ್ಲಕ್ಕಿಂತ ದೊಡ್ಡ ನಿಯಮ, ಇಬ್ಬರೂ "ಆಯ್ತು" ಅಂದ ಮೇಲೆ ಮಾತು ಮುಗಿದ ಹಾಗೆ. ನಾನು ಅದನ್ನೂ ಮುರಿದೆ. ಟಿಪ್ಪು ಪೈಸೆಯನ್ನು ಕಾಲೇಜು ಓದುವ ಒಬ್ಬ ಹುಡುಗ 350ಕ್ಕೆ ಕೇಳಿದ, ಆಯ್ತು ಅಂದೆ. ಸಂಜೆ ದುಡ್ಡು ಹಾಕ್ತೀನಿ ಆಂಟಿ ಅಂದ. ಅರ್ಧ ಗಂಟೆಯಲ್ಲಿ ಇನ್ನೊಬ್ಬರು 600 ಅಂದರು. ಹುಡುಗನಿಗೆ "ಸಾರಿ, ಹೋಯ್ತು" ಅಂತ ಬರೆದೆ. ಅವನು "ಪರವಾಗಿಲ್ಲ ಆಂಟಿ" ಅಂದ. ಆ ಪರವಾಗಿಲ್ಲ ಇಡೀ ಮಧ್ಯಾಹ್ನ ಕಿವಿಯಲ್ಲಿ ಕೂತಿತ್ತು. ಹೂವಿನವಳು ನನಗೆ ಅಂತ ಎತ್ತಿಟ್ಟ ಮಲ್ಲಿಗೆಯನ್ನು ಕಾರಲ್ಲಿ ಬಂದವರಿಗೆ ಕೊಟ್ಟಾಗ ನಾನೇ ಎಷ್ಟು ರೇಗಿದ್ದೆ! ಸಂಜೆ 600ರವರ ಹತ್ತಿರ ಕ್ಷಮೆ ಕೇಳಿ, ಹುಡುಗನಿಗೇ ಕಳಿಸಿದೆ. ಅಂಚೆ ಖರ್ಚು ನಾನೇ ಹಾಕಿಕೊಂಡೆ.

ಹೀಗೆ ಮಾರುತ್ತಾ ಮಾರುತ್ತಾ ನನಗೇ ಹುಚ್ಚು ಹತ್ತಿತು. ಮಾರಿದ ದುಡ್ಡಲ್ಲೇ ಐದನೇ ಜಾರ್ಜ್ ದೊರೆಯ ರೂಪಾಯಿಗಳನ್ನು ಇಸವಿ ಪ್ರಕಾರ ಕೂಡಿಸೋಕೆ ಶುರು ಮಾಡಿದೆ. 1912ರಿಂದ 1920ರವರೆಗಿನವು ಒಂದು ವರ್ಷದಲ್ಲಿ ಸಿಕ್ಕವು. ಸಿಗದೇ ಹೋದದ್ದು 1911.

ಅದಕ್ಕೊಂದು ಕಥೆ ಇದೆ. ದೊರೆಯ ನಿಲುವಂಗಿಯ ಮೇಲೆ ಬಿರುದಿನ ಸರವೊಂದಿದೆ, ಅದರಲ್ಲೊಂದು ಪುಟ್ಟ ಆನೆ. 1911ರ ಅಚ್ಚಿನಲ್ಲಿ ಆನೆಯ ಸೊಂಡಿಲು ಎಷ್ಟು ಮೊಟಕಾಗಿತ್ತು ಅಂದ್ರೆ ನೋಡಿದವರಿಗೆ ಅದು ಹಂದಿಯ ಹಾಗೆ ಕಂಡಿತು. ಜನ ಸಿಟ್ಟಾದರು, ಸರ್ಕಾರ ನಾಣ್ಯವನ್ನು ಹಿಂದಕ್ಕೆ ತೆಗೆದುಕೊಂಡಿತು. 1912ರಿಂದ ಆನೆಗೆ ಸರಿಯಾದ ಸೊಂಡಿಲು ಬಂತು. ಹಾಗಾಗಿ ಆ ಒಂದೇ ವರ್ಷದ "ಹಂದಿ ರೂಪಾಯಿ"ಗೆ ಬೇಡಿಕೆ ಜಾಸ್ತಿ. ನಮ್ಮ ಗುಂಪಿನಲ್ಲಿ ಅದು ನಾಲ್ಕು ಸಾವಿರದ ಹತ್ತಿರ ಹೋಗುತ್ತಿತ್ತು.

ಒಂದು ಭಾನುವಾರ ಮಲೆನಾಡಿನ ಕಡೆಯ ಹೆಣ್ಣುಮಗಳೊಬ್ಬಳು ಹೊಸದಾಗಿ ಗುಂಪಿಗೆ ಸೇರಿ ಏಳು ಬೆಳ್ಳಿ ರೂಪಾಯಿಯ ಫೋಟೋ ಹಾಕಿದಳು. "ಅಮ್ಮನ ನಾಣ್ಯಗಳು. ಯಾವುದಾದರೂ 900." ಫೋಟೋ ದೊಡ್ಡದು ಮಾಡಿ ನೋಡಿದೆ. ಮೂರನೆಯದರ ಮೇಲೆ 1911. ಕೈ ಸಣ್ಣಗೆ ನಡುಗಿತು.

ಅವಳಿಗೆ ಗೊತ್ತಿಲ್ಲ ಅನ್ನೋದು ನನಗೆ ಗೊತ್ತಿತ್ತು. ಆದರೆ ಇನ್ನೊಬ್ಬರು ಹೇಳಿದ ಬೆಲೆಗೆ ಬಾಯಿ ಹಾಕಬಾರದು ಅನ್ನೋ ನಿಯಮ ಅವತ್ತು ನನಗೆ ಬಹಳ ಅನುಕೂಲವಾಗಿ ನೆನಪಾಯಿತು. "ಮೂರನೆಯದು ನನಗಿರಲಿ" ಅಂತ ಖಾಸಗಿಯಾಗಿ ಬರೆದೆ. ಅಷ್ಟಕ್ಕೇ ನಿಲ್ಲಿಸಿದ್ದರೆ ಇಷ್ಟು ನಾಚಿಕೆ ಆಗುತ್ತಿರಲಿಲ್ಲವೇನೋ. ಆಸೆ ತೋರಿಸಿಕೊಂಡರೆ ಅನುಮಾನ ಬರುತ್ತೆ ಅಂತ, "850ಕ್ಕೆ ಕೊಡ್ತೀರಾ?" ಅಂತಲೂ ಕೇಳಿದೆ.

"ಆಯ್ತು ಅಕ್ಕ, ನೀವು ಹೇಳಿದ ಹಾಗೇ ಆಗ್ಲಿ."

ನಾಲ್ಕು ದಿನಕ್ಕೆ ಸ್ಪೀಡ್ ಪೋಸ್ಟ್ ಬಂತು. ನಾಣ್ಯ ಅಲುಗಾಡದಂತೆ ಹಳೇ ರವಿಕೆ ಬಟ್ಟೆಯ ತುಂಡಿನಲ್ಲಿ ಸುತ್ತಿದ್ದಳು. ಬಿಚ್ಚಿದರೆ ಮೇಲೆ ಸಹಜವಾದ ಕಪ್ಪು ಛಾಯೆ, ಅಕ್ಷರಗಳ ಸಂದಿಯಲ್ಲಿ ಒಣಗಿದ ಕುಂಕುಮ. ಜೊತೆಗೆ ನೋಟ್‌ಬುಕ್ಕಿನ ಹಾಳೆಯಲ್ಲಿ ಒಂದು ಸಾಲು. "ಅಮ್ಮನ ಪೂಜೆಯದ್ದು ಅಕ್ಕ. ಜೋಪಾನವಾಗಿ ಇಟ್ಕೊಳ್ಳಿ."

ಆನೆಯ ಸೊಂಡಿಲು ನೋಡೋಕೆ ಭೂತಗನ್ನಡಿ ತೆಗೆದಿಟ್ಟುಕೊಂಡಿದ್ದೆ. ಅವತ್ತು ನೋಡಲಿಲ್ಲ.

"ರೇಟು ಹೇಳಿದ್ದು ಅವಳೇ, ನೀನೇನು ಸುಳ್ಳು ಹೇಳಿದ್ಯಾ?" ಅಂದರು ನಮ್ಮನೆಯವರು. ಬ್ಯಾಂಕಿನಲ್ಲಿದ್ದವರು, ಅವರ ಲೆಕ್ಕ ತಪ್ಪಲ್ಲ. ನಾನು ಸುಳ್ಳು ಹೇಳಿರಲಿಲ್ಲ. ಆದರೂ ಎರಡು ರಾತ್ರಿ ನಿದ್ದೆ ಹತ್ತಲಿಲ್ಲ. ಮೂರನೇ ದಿನ ಧಾರವಾಡಕ್ಕೆ ಫೋನ್ ಮಾಡಿದೆ.

ಹಿರಿಯರು ಪೂರ್ತಿ ಕೇಳಿಸಿಕೊಂಡು ಹೇಳಿದರು. "ವ್ಯಾಪಾರಸ್ಥನ ಹತ್ರ ತಗೊಂಡಿದ್ರ ನಿನ್ನ ವಿದ್ಯಾ, ನಿನ್ನ ಲಾಭ. ಅಂವಗ ಅದು ಕಸಬು, ಕಲೀಬೇಕು. ಆದ್ರ ಮನ್ಯಾಗಿನ ಡಬ್ಬಿ ತಂದ ಹೆಣ್ಮಗಳ ಹತ್ರ ಹಂಗಲ್ಲ ತಂಗಿ. ನೀ ಮೊದ್ಲ ದಿನ ಹೆಂಗ ಬಂದಿದ್ದಿ, ನೆನಪೈತೇನು?"

ನೆನಪಿತ್ತು. ಆ 2000ದವನ ಮೆಸೇಜು, ಉಕ್ಕಿದ ಹಾಲು, ಒಲೆ ಒರೆಸುವಾಗ ಬಂದ ಫೋನು. ಅವತ್ತು ಅವರು ತಾವೇ 3000 ಕೊಟ್ಟು ಇಡೀ ಡಬ್ಬಿ ಕೊಂಡಿದ್ದರೂ ನಾನು ಕೈಮುಗಿದು ಕೊಡುತ್ತಿದ್ದೆ.

ಅವಳಿಗೆ ಫೋನ್ ಮಾಡಿದೆ. "ನಿಮ್ಮ ನಾಣ್ಯಕ್ಕೆ ಬೆಲೆ ಜಾಸ್ತಿ ಇತ್ತು, ಇನ್ನಷ್ಟು ದುಡ್ಡು ಕಳಿಸಬೇಕು" ಅಂದೆ. ಒಂದು ನಿಮಿಷ ಮಾತಿಲ್ಲ. ಆಮೇಲೆ ಬಿಗಿಯಾದ ದನಿಯಲ್ಲಿ, "ನೋಡಿ ಅಕ್ಕ, ನಾನು ಯಾವ ಲಿಂಕೂ ಒತ್ತಲ್ಲ, ಓಟಿಪಿನೂ ಹೇಳಲ್ಲ. ಸುಮ್ನೆ ಫೋನ್ ಇಡಿ" ಅಂದಳು. ಇಟ್ಟೂ ಬಿಟ್ಟಳು.

ನಗು ಬಂತು, ಅಳುವೂ ಬಂತು. ಅವಳ ತಪ್ಪೇನಿಲ್ಲ. ದುಡ್ಡು ಕೊಡ್ತೀನಿ ಅಂತ ತಾವಾಗೇ ಫೋನ್ ಮಾಡುವವರು ಕಳ್ಳರೇ ಅಂತ ನಮ್ಮ ಫ್ರಿಜ್ಜಿನ ಮೇಲೂ ಅಂಟಿಸಿದೆಯಲ್ಲ! ಕೊನೆಗೆ ನನ್ನ 1911ನ್ನೂ, ಇನ್ನೊಂದು 1912ನ್ನೂ ಪಕ್ಕಪಕ್ಕ ಇಟ್ಟು ಆನೆಯ ಫೋಟೋ ತೆಗೆದು ಕಳಿಸಿದೆ. ನನಗೆ ಮೊದಲೇ ಗೊತ್ತಿತ್ತು ಅನ್ನೋದನ್ನೂ, ಗೊತ್ತಿದ್ದೂ 50 ರೂಪಾಯಿ ಚೌಕಾಶಿ ಮಾಡಿದ್ದನ್ನೂ ಬರೆದೆ. ನಾಣ್ಯ ವಾಪಸ್ ಬೇಕಾದರೆ ನನ್ನ ಖರ್ಚಿನಲ್ಲೇ ಕಳಿಸ್ತೀನಿ, ಬೇಡವಾದರೆ ಬಾಕಿ ದುಡ್ಡು ಎಷ್ಟು ಅಂತ ನೀವೇ ಹೇಳಿ ಅಂದೆ.

ಮಾರನೇ ದಿನ ಅವಳೇ ಫೋನ್ ಮಾಡಿದಳು. ಈ ಸಲ ದನಿ ಮೆತ್ತಗಿತ್ತು. "ನಾಣ್ಯ ನಿಮ್ಮ ಹತ್ರಾನೇ ಇರ್ಲಿ ಅಕ್ಕ. ದುಡ್ಡು ನಿಮಗೆ ಸರಿ ಅನ್ಸಿದಷ್ಟು ಹಾಕಿ. ಅದಕ್ಕಿಂತ, ಉಳಿದಿರೋ ನಾಲ್ಕನ್ನ ಒಂದ್ಸಲ ನೋಡಿ ಹೇಳ್ತೀರಾ? ಎರಡು ಆಗ್ಲೇ ಕೊಟ್ಬಿಟ್ಟೆ."

"ಸರಿ ಅನ್ಸಿದಷ್ಟು." ಅದಕ್ಕಿಂತ ಕಷ್ಟದ ರೇಟು ನನಗೆ ಯಾರೂ ಹೇಳಿಲ್ಲ. ಪೂರ್ತಿ ನಾಲ್ಕು ಸಾವಿರ ಮುಟ್ಟಿಸಿದೆ ಅಂತ ಬರೆದರೆ ಸುಳ್ಳಾಗುತ್ತೆ. ಇನ್ನೂ 2500 ಹಾಕಿದೆ, ಅಷ್ಟೆ. ಒಬ್ಬ ವ್ಯಾಪಾರಿ ಅವಳ ಕೈಗೆ ಎಷ್ಟು ಕೊಡುತ್ತಿದ್ದನೋ ಹೆಚ್ಚುಕಮ್ಮಿ ಅಷ್ಟಾಯಿತು ಅಂದರು ಹಿರಿಯರು. ಅದು ನನ್ನನ್ನು ಸಮಾಧಾನ ಮಾಡೋಕೆ ಹೇಳಿದ್ದೂ ಇರಬಹುದು. ಉಳಿದ ನಾಲ್ಕೂ ಸಾಮಾನ್ಯ ಇಸವಿಯವೇ. ಒಂದೊಂದರ ಫೋಟೋ ಹೇಗೆ ತೆಗೆಯಬೇಕು, ಏನು ಬರೆಯಬೇಕು, ಎಷ್ಟು ಕೇಳಬೇಕು ಅಂತ ಹೇಳಿಕೊಟ್ಟೆ. "ಮೊದಲು ನೀವೇ ರೇಟ್ ಹೇಳಿ" ಅಂದೆ. ಆ ಮಾತು ಹೇಳುವಾಗ ನನ್ನ ದನಿ ನನಗೇ ಧಾರವಾಡದವರ ದನಿಯ ಹಾಗೆ ಕೇಳಿಸಿತು. ಅವಳು ಅವನ್ನು 1100ರಂತೆ ಮಾರಿದಳು.

ಈಗ ನಾನು ಏನಾದ್ರೂ ಕೊಳ್ಳೋ ಮುಂಚೆ ಮೊದಲು ಒಂದು ಪ್ರಶ್ನೆ ಕೇಳ್ತೀನಿ. "ಇದರ ಬೆಲೆ ಯಾರನ್ನಾದ್ರೂ ವಿಚಾರಿಸಿದ್ದೀರಾ?" ಇಲ್ಲ ಅಂದರೆ, ನನಗೆ ಗೊತ್ತಿರೋದನ್ನು ಹೇಳಿಯೇ ಚೌಕಾಶಿ ಶುರು ಮಾಡೋದು. ಇದರಿಂದ ಎರಡು ಒಳ್ಳೇ ನಾಣ್ಯ ಕೈ ತಪ್ಪಿವೆ. ಹೊಟ್ಟೆ ಉರಿಯಲ್ಲ ಅಂತ ಹೇಳಲಾರೆ, ನಿದ್ದೆಯಂತೂ ಬರುತ್ತೆ.

ಈ ಸಲದ ದೀಪಾವಳಿಗೂ ಆ 1911 ಪೂಜೆಗೆ ಕೂತಿತ್ತು. ಅದನ್ನು ತೊಳೆದಿಲ್ಲ. ಅವಳ ಅಮ್ಮನ ಕುಂಕುಮ ಸಂದಿಯಲ್ಲಿ ಹಾಗೇ ಇದೆ, ನಾನು ಮೇಲೊಂದು ಚಿಟಿಕೆಯನ್ನೂ ಹಾಕಲಿಲ್ಲ, ಪಕ್ಕದಲ್ಲಿ ಹೂವಿಟ್ಟೆ ಅಷ್ಟೆ.

ನಿಮ್ಮ ಮನೆಯ ಅಟ್ಟದಲ್ಲೂ ಇಂಥದ್ದೊಂದು ಡಬ್ಬಿ ಇರಬಹುದು. ಇಳಿಸಿ ನೋಡಿ. ಮಾರಲೇಬೇಕು ಅಂತಿಲ್ಲ. ಮಾರೋದಾದರೆ ಗೊತ್ತಿರೋ ಇಬ್ಬರನ್ನಾದರೂ ಕೇಳಿ, ರೇಟು ನೀವೇ ಮೊದಲು ಹೇಳಿ. ಹುಣಸೆಹಣ್ಣು ಮಾತ್ರ ಹತ್ತಿರ ತರಬೇಡಿ.